ಮತ್ತೆ ಈ ಕರೆ ಎಲ್ಲಿಂದ ಬಂತು?

ನನ್ನ ಅಳಿಯ, ಅಂದರೆ ಅಕ್ಕನ ಮಗ, ಕೈಯಾರೆ ಮಾಡಿದ ಆಕಾಶ ಹಡಗಿನ ಮಾಡೆಲ್ ಮೇಲಿನ ಕರೆ, ಅಂದರೆ ಕಲೆ, ನೋಡಿ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ. ಅಳಿಯ ಅದಕ್ಕೆ ಉತ್ತರ ಕೊಡಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಭಾವನಿಗೆ ಪ್ರಶ್ನೆಯೇ ಕೇಳಿಸಲಿಲ್ಲ, ಅವರು ಫೋನಿನಲ್ಲಿ ಅಡಿಕೆ ರೇಟು ನೋಡುತ್ತಿದ್ದರು. ಭಾನುವಾರದಿಂದ ಇವತ್ತು ಗುರುವಾರದವರೆಗೂ, ಅಂಗಡಿಯಲ್ಲಿ ಮಕ್ಕಳಿಗೆ ಚಾರ್ಟ್ ಪೇಪರ್ ಸುತ್ತಿ ಕೊಡುವಾಗಲೂ ಅದೇ ತಲೆಯಲ್ಲಿ ಓಡುತ್ತಿದೆ. ಬರೆದು ಹಾಕಿದರೆ ಹೋಗುತ್ತೇನೋ ಅಂತ ಕೂತಿದ್ದೇನೆ.

ಹೋಗಿದ್ದು ಅಕ್ಕನ ಮನೆಗೆ. ಹೊಸನಗರದ ಹತ್ತಿರದ ಹಳ್ಳಿ. ಶಿವಮೊಗ್ಗದಿಂದ ಆಯನೂರು, ಅರಸಾಳು, ರಿಪ್ಪನ್‌ಪೇಟೆ ಅಂತ ಹೋಗುವ ದಾರಿ. ಶ್ರಾವಣದ ಮಳೆ. ನಮ್ಮ ಕಾರಿನಲ್ಲಿ ಒಂದು ಕಡೆಯ ವೈಪರ್ ಮಾತ್ರ ಕೆಲಸ ಮಾಡುತ್ತದೆ, ಅದೂ ನನ್ನ ಕಡೆಯದಲ್ಲ. ಅರಸಾಳು ಸ್ಟೇಷನ್ ಹತ್ತಿರ ಬಂದಾಗಲೆಲ್ಲ ನನಗೆ ಒಂದು ಸಣ್ಣ ಖುಷಿ. ಶಂಕರ್ ನಾಗ್ ಮಾಲ್ಗುಡಿ ಡೇಸ್ ಮಾಡುವಾಗ ಆಗುಂಬೆಯನ್ನು ಮಾಲ್ಗುಡಿ ಮಾಡಿದರು, ಈ ಅರಸಾಳನ್ನು ಅದರ ರೈಲ್ವೆ ಸ್ಟೇಷನ್ ಮಾಡಿದರು. ಇಲ್ಲದ ಊರಿಗೆ ಇರುವ ಸ್ಟೇಷನ್. ಈಗ ಅಲ್ಲೇ ಮ್ಯೂಸಿಯಂ ಕೂಡ ಇದೆ. ಇಲ್ಲದ ಊರನ್ನು ನೋಡೋಕೆ ಜನ ಟಿಕೆಟ್ ತಗೊಂಡು ಬರುತ್ತಾರೆ ಅಲ್ವಾ, ಇರುವ ಊರುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಊಟಕ್ಕೆ ಪತ್ರೊಡೆ ಇತ್ತು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಊಟ ಮುಗಿದ ಮೇಲೆ ಕರೆಂಟ್ ಹೋಯಿತು. ಅಳಿಯ ನನ್ನ ಪಕ್ಕ ಬಂದು ಕೂತು ಎರಡು ಸಲ ಕೆಮ್ಮಿದ. ಅವನಿಗೆ ಹತ್ತೊಂಬತ್ತು ವರ್ಷ, ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಾನೆ, ಏನಾದರೂ ಕೇಳುವ ಮೊದಲು ಕೆಮ್ಮುವುದು ಚಿಕ್ಕಂದಿನಿಂದ ಅಭ್ಯಾಸ. ವಾರಕ್ಕೊಮ್ಮೆ ನಮ್ಮ ಅಂಗಡಿಗೆ ಬಂದು ಸನ್‌ಬೋರ್ಡ್ ಅನ್ನುವ ಹಗುರ ಪ್ಲಾಸ್ಟಿಕ್ ಹಲಗೆ ಕತ್ತರಿಸಿ ಉಳಿದ ಚೂರುಗಳನ್ನು "ಮಾವ, ಇದು ಬೇಕಾ?" ಅಂತ ಕೇಳಿ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದ. ಕಾಲೇಜಿನ ಪ್ರಾಜೆಕ್ಟ್ ಇರಬೇಕು ಅಂದುಕೊಂಡು ನಾನೂ ಕೊಡುತ್ತಿದ್ದೆ. ಫ್ಲೆಕ್ಸ್ ಅಂಗಡಿಯವರ ಹತ್ತಿರವೂ ಹಾಗೇ ಕೇಳಿ ತರುತ್ತಿದ್ದನಂತೆ.

"ಮಾವ, ಒಂದು ತೋರಿಸ್ಬೇಕಿತ್ತು. ಅಟ್ಟದಲ್ಲಿ ಕತ್ತಲೆ. ಇಲ್ಲಿಗೇ ತರ್ತೀನಿ."

ಹಲಸಿನ ಮಣೆ ಮೇಲೆ ಇಟ್ಟುಕೊಂಡು, ಮದುವೆ ಮನೆಯಲ್ಲಿ ಆರತಿ ತಟ್ಟೆ ತರುವ ಹಾಗೆ ಮೆಲ್ಲಗೆ ಮೆಟ್ಟಿಲು ಇಳಿದ. ಜಗಲಿ ಮೇಲೆ ಇಟ್ಟ. ಸುಮಾರು ಎರಡೂವರೆ ಅಡಿ ಉದ್ದದ ಆಕಾಶ ಹಡಗು. ಬೂದು ಬಣ್ಣ. ಮೂತಿ ಮೊಂಡು, ಹಿಂದೆ ನಾಲ್ಕು ಎಂಜಿನ್, ಬೆನ್ನ ತುಂಬಾ ಪೈಪು, ಪೆಟ್ಟಿಗೆ, ಕೊಳವೆ, ಮುಚ್ಚಳ, ಗೊತ್ತಿಲ್ಲದ ಇನ್ನೂ ನೂರು ಸಾಮಾನು. ಅಲ್ಲಲ್ಲಿ ಬಣ್ಣ ಕಿತ್ತಿದೆ. ಕಿಟಕಿಗಳ ಕೆಳಗೆ, ತಗಡಿನ ಜೋಡಣೆಗಳ ಕೆಳಗೆ ಕಂದು ಬಣ್ಣದ ಕರೆ ಉದ್ದಕ್ಕೆ ಇಳಿದಿದೆ. ಅದನ್ನು ನೋಡಿ ನನಗೆ ಮೊದಲು ಅನ್ನಿಸಿದ್ದು, ಇದು ಹೊಸದಲ್ಲ, ಎಲ್ಲಿಂದಲೋ ತಂದದ್ದು ಅಂತ.

ಅಜ್ಜ ಕವಳ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಭಾವನ ಅಪ್ಪ. ಎಂಬತ್ತನಾಲ್ಕು ವರ್ಷ. ಹೊಗಳುವುದು ಅವರ ಜಾಯಮಾನದಲ್ಲಿಲ್ಲ. ಅಕ್ಕ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು, ಅವಳ ಸಾರಿಗೆ ಅವರು ಕೊಟ್ಟ ಅತಿ ದೊಡ್ಡ ಸರ್ಟಿಫಿಕೇಟ್ ಅಂದರೆ "ಇವತ್ತು ಉಪ್ಪು ಸರಿ ಇದೆ". ಅಂಥವರು ಮುಂದಕ್ಕೆ ಬಗ್ಗಿ, ಕನ್ನಡಕ ಮೇಲೆ ಮಾಡಿ, ಹಡಗನ್ನು ಸುಮಾರು ಹೊತ್ತು ನೋಡಿದರು. ಬೆರಳಿನಿಂದ ಒಂದು ಕರೆಯನ್ನು ಮುಟ್ಟಿದರು.

"ಇದು ಎಷ್ಟು ವರ್ಷ ಮಳೇಲಿ ನಿಂತಿತ್ತಾ?"

ಅಳಿಯ ನಕ್ಕ. "ಅಜ್ಜ, ಇದು ಆಕಾಶದಾಚೆ ಓಡಾಡೋದು. ಅಲ್ಲಿ ಮಳೆ ಎಲ್ಲಿ ಬರುತ್ತೆ?"

"ಮಳೆ ಇಲ್ವಾ?"

"ಮಳೆ ಇಲ್ಲ, ಗಾಳಿನೂ ಇಲ್ಲ."

ಅಜ್ಜ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹಾಕಿದರು.

"ಮತ್ತೆ ಈ ಕರೆ ಎಲ್ಲಿಂದ ಬಂತು?"

ಅಷ್ಟೇ. ಹುಡುಗ ಬಾಯಿ ತೆರೆದ, ಮುಚ್ಚಿದ. ಅಜ್ಜ ಎದ್ದು ಕವಳ ಉಗಿಯಲು ಅಂಗಳದ ಕಡೆ ಹೋದರು.

ಆಮೇಲೆ ನಾನು ಮಾಡಿದ್ದು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅಷ್ಟು ಚೆಂದದ ವಸ್ತು ಎದುರಿಗಿಟ್ಟುಕೊಂಡು ನಾನು ಕೇಳಿದ್ದು "ಇದನ್ನ ಮಾರಿದ್ರೆ ಎಷ್ಟು ಬರಬಹುದು?" ಅಂತ. ಅಂಗಡಿಯವನ ಬಾಯಿ, ಏನು ಮಾಡೋದು. ಭಾವ ಫೋನಿನಿಂದ ತಲೆ ಎತ್ತಿ "ಇಂಟರ್ನಲ್ಸ್‌ಗಾದ್ರೂ ಮಾರ್ಕ್ಸ್ ಸಿಗುತ್ತಾ ಕೇಳು" ಅಂದರು. ಭಾವ ಒಳ್ಳೆಯವರು. ತೋಟ ಬಿಟ್ಟು ಬೇರೆ ಏನೇ ತೋರಿಸಿದರೂ ಅದರ ಹಿಂದೆ ಖರ್ಚು ಕಾಣುತ್ತದೆ, ಅಷ್ಟೇ. ಅಕ್ಕ ಒಳಗಿನಿಂದಲೇ "ಆ ಕಸದಲ್ಲಿ ನನ್ನ ಮಿಕ್ಸಿ ಜಾರಿನ ತಳದ ಚಕ್ರ ಇದೆಯಾ ನೋಡು, ಎರಡು ತಿಂಗಳಿಂದ ಹುಡುಕ್ತಿದೀನಿ" ಅಂದಳು. ಇತ್ತು. ಎಡಗಡೆಯ ಎರಡನೇ ಎಂಜಿನ್ ಅದೇ.

ಕರೆಂಟ್ ಬರುವವರೆಗೆ ಅವನು ಒಂದೊಂದಾಗಿ ತೋರಿಸಿದ. ಅಸ್ಥಿಪಂಜರ ಎಲ್ಲ ನನ್ನ ಅಂಗಡಿಯ ಸನ್‌ಬೋರ್ಡ್. ಬೆನ್ನ ಮೇಲಿನ ಸಾಲು ಸಾಲು ಗೂಟಗಳು ತೋಟದ ಹಳೆಯ ಸ್ಪ್ರಿಂಕ್ಲರ್ ಜೆಟ್‌ಗಳು. ದಪ್ಪ ಪೈಪುಗಳು ಡ್ರಿಪ್ಪಿನ ಪೈಪು, ಸಣ್ಣವು ಪೆನ್ನಿನ ರೀಫಿಲ್. ಒಂದು ಇಡೀ ಪಕ್ಕೆಗೆ ಅಂಟಿಸಿದ್ದು ಕೆಟ್ಟ ಸೆಟ್‌ಟಾಪ್ ಬಾಕ್ಸಿನ ಹೊಟ್ಟೆ. ಮೂತಿಯ ಹತ್ತಿರ ಸಾಲಾಗಿ ಕಂಡ ಅರ್ಧ ಗುಂಡುಗಳು ಅಜ್ಜನ ಬಿಪಿ ಮಾತ್ರೆಯ ಖಾಲಿ ಶೀಟು. ಮದ್ದು ಹೊಡೆಯುವ ಪಂಪಿನ ನಾಜಲ್ ಒಂದು ಫಿರಂಗಿಯಾಗಿತ್ತು. ಇಂಥ ಚೂರುಪಾರುಗಳಿಗೆ ಮಾಡೆಲ್ ಮಾಡುವವರು ಗ್ರೀಬಲ್ ಅನ್ನುತ್ತಾರಂತೆ. ಇವನು "ಚಿಲ್ರೆ" ಅನ್ನುತ್ತಾನೆ. "ಮೊದಲು ಆಕಾರ ಮಾಡ್ಕೊಂಡು, ಆಮೇಲೆ ಚಿಲ್ರೆ ಅಂಟ್ಸೋದು ಮಾವ." ನನಗೆ ಇವನ ಪದವೇ ಇಷ್ಟವಾಯಿತು.

ಮಳೆಗಾಲದಲ್ಲಿ ಇದನ್ನು ಮಾಡುವುದು ಇನ್ನೊಂದು ಕಥೆ. ಫೆವಿಕಾಲ್ ಒಣಗುವುದಿಲ್ಲ. ಸ್ಪ್ರೇ ಪೇಂಟ್ ಹೊಡೆದರೆ ಥಂಡಿಗೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ. ಹಾಗಾಗಿ ಬಚ್ಚಲ ಒಲೆಯ ಮೇಲ್ಗಡೆ ಒಂದು ಹಲಗೆ ಕಟ್ಟಿದ್ದಾನೆ. ಹಂಡೆಗೆ ಬೆಂಕಿ ಹಾಕಿದಾಗ ನೀರೂ ಕಾಯುತ್ತದೆ, ಹಡಗೂ ಒಣಗುತ್ತದೆ. ಹೊಗೆ ಹಿಡಿದರೆ? "ಹಿಡೀಲಿ ಮಾವ, ಅದೇ ಬೇಕಾಗಿರೋದು."

ಇದರ ಬೀಜ ಬಿದ್ದದ್ದು ಫೋನಿನಲ್ಲಿ. ಹತ್ತನೇ ಕ್ಲಾಸಿನ ರಜೆಯಲ್ಲಿ 1977ರ ಸ್ಟಾರ್ ವಾರ್ಸ್ ನೋಡಿದನಂತೆ. ಶುರುವಿನಲ್ಲೇ ಒಂದು ಹಡಗು ತಲೆ ಮೇಲಿಂದ ಹಾದು ಹೋಗುತ್ತದೆ, ಹೋಗುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ.

"ಮಾವ, ಅದು ಎಷ್ಟು ಉದ್ದ ಇರಬಹುದು ಹೇಳಿ?"

"ಸಿನಿಮಾದಲ್ಲಾ? ಒಂದೂವರೆ ಕಿಲೋಮೀಟರ್ ಇದ್ದ ಹಾಗೆ ಕಾಣುತ್ತಪ್ಪ."

"ನಿಜವಾಗಿ ಮೂರಡಿ."

ಕೈ ಚಾಚಿ ತೋರಿಸಿದ. ಮೂರಡಿ ಅಂದರೆ ನಮ್ಮ ಜಗಲಿಯ ಕಟ್ಟೆಯಷ್ಟೂ ಇಲ್ಲ. ಆ ಸಿನಿಮಾಕ್ಕೋಸ್ಕರ ಜಾರ್ಜ್ ಲ್ಯೂಕಾಸ್ 1975ರಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಅಂತ ಒಂದು ಕಂಪನಿ ಕಟ್ಟಿದ. ಲಾಸ್ ಏಂಜಲೀಸಿನ ಒಂದು ಗೋಡೌನಿನಲ್ಲಿ ಕೂತು ಕೆಲಸ ಮಾಡಿದವರಲ್ಲಿ ಜಾಸ್ತಿ ಜನ ಎಳೆಯರೇ. ಅವರು ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಕಿಟ್‌ಗಳನ್ನು, ಯುದ್ಧದ ಟ್ಯಾಂಕು, ವಿಮಾನ, ಹಡಗಿನ ಕಿಟ್‌ಗಳನ್ನು ರಾಶಿ ರಾಶಿ ಕೊಂಡು ತಂದು, ಡಬ್ಬಿಯ ಮೇಲಿನ ಚಿತ್ರವನ್ನು ಅತ್ತ ಎಸೆದು, ಒಳಗಿನ ತುಂಡುಗಳನ್ನು ಮಾತ್ರ ತಮ್ಮ ಹಡಗಿಗೆ ಅಂಟಿಸಿದರು. ಟ್ಯಾಂಕಿನ ಗಾಲಿ ಎಂಜಿನ್ನಿನ ಭಾಗವಾಯಿತು. ಅದಕ್ಕೂ ಮೊದಲೇ, 1965ರಲ್ಲಿ ಶುರುವಾದ ಥಂಡರ್‌ಬರ್ಡ್ಸ್ ಅನ್ನುವ ಬ್ರಿಟಿಷ್ ಟಿವಿ ಸರಣಿಯಲ್ಲಿ ಡೆರೆಕ್ ಮೆಡ್ಡಿಂಗ್ಸ್ ತಂಡದವರು ರಾಕೆಟ್ ನಿಲ್ಲುವ ಜಾಗದ ಗೋಡೆಗೆ ನಿಂಬೆಹಣ್ಣು ಹಿಂಡುವ ಪ್ಲಾಸ್ಟಿಕ್ ಸಾಮಾನು ಅಂಟಿಸಿದ್ದರು. ಇದನ್ನು ಕೇಳಿ ಅಕ್ಕ ಹೊರಗೆ ಬಂದಳು. "ಅಲ್ಲಿಯವರ ಮನೇಲೂ ಹಿಂಗೇ ಸಾಮಾನು ಕಾಣೆ ಆಗ್ತಿತ್ತಾ?"

ಈಗ ಪ್ರಪಂಚದಲ್ಲಿ ಒಂದಿಷ್ಟು ಹವ್ಯಾಸಿಗಳು ಇದ್ದಾರಂತೆ. ಸ್ಟಾರ್ ವಾರ್ಸ್‌ನ ಮಿಲೇನಿಯಂ ಫಾಲ್ಕನ್ ಅನ್ನುವ ಹಡಗಿನ ಮೈಮೇಲಿನ ಒಂದೊಂದು ತುಂಡು ಯಾವ ಕಂಪನಿಯ ಯಾವ ಟ್ಯಾಂಕಿನ ಕಿಟ್‌ನಿಂದ ಬಂತು ಅಂತ ವರ್ಷಗಟ್ಟಲೆ ಕೂತು ಪತ್ತೆ ಮಾಡಿದ್ದಾರೆ. ನಮ್ಮಲ್ಲಿ ಮದುವೆ ಮಾತುಕತೆಗೆ ಕೂತಾಗ ಅವರ ಅಜ್ಜಿಯ ತವರು ಯಾವುದು, ಆ ತವರಿನ ಅಳಿಯ ಯಾರು ಅಂತ ಸಂಬಂಧ ಹಿಡಿದು ಎಳೆಯುತ್ತಾರಲ್ಲ, ಹಾಗೆ. ಹಳೆಯ ಕಿಟ್ ಸಿಕ್ಕಿದರೆ ದುಬಾರಿ ಬೆಲೆ ಕೊಟ್ಟು ಕೊಂಡು, ಅದರಿಂದ ಒಂದೇ ಒಂದು ತುಂಡು ತೆಗೆದು ತಮ್ಮ ಫಾಲ್ಕನ್‌ಗೆ ಅಂಟಿಸುತ್ತಾರಂತೆ. ಅಳಿಯ ಆ ಜಾತಿಯವನಲ್ಲ. ಅವನ ಹತ್ತಿರ ಅಷ್ಟು ದುಡ್ಡಿಲ್ಲ ಅನ್ನುವುದು ಒಂದು. ಇನ್ನೊಂದು, ಅವನು ಹೇಳಿದ್ದು ನನಗೆ ಸರಿ ಅನ್ನಿಸಿತು. "ಅವರು ಕೈಗೆ ಸಿಕ್ಕಿದ್ದು ಅಂಟಿಸಿದ್ರು ಮಾವ. ಅವರ ಕೈಗೆ ಟ್ಯಾಂಕ್ ಸಿಕ್ತು. ನನ್ನ ಕೈಗೆ ಜೆಟ್ ಸಿಕ್ತು."

"ಈಗೆಲ್ಲ ಕಂಪ್ಯೂಟರಿನಲ್ಲೇ ಮಾಡ್ತಾರಲ್ಲಾ?" ಅಂದೆ. ಇದಕ್ಕೂ ರೆಡಿ ಇದ್ದ. 2014ರ ಇಂಟರ್‌ಸ್ಟೆಲ್ಲಾರ್‌ಗೆ ಇಪ್ಪತ್ತೈದು ಅಡಿಯ ಮಾಡೆಲ್ ಕಟ್ಟಿದ್ದರು. 2019ರ ಮ್ಯಾಂಡಲೋರಿಯನ್ ಸರಣಿಗೂ ಹಡಗಿನ ಮಾಡೆಲ್ ಮಾಡಿದರು, ಅದರ ಚಿತ್ರೀಕರಣಕ್ಕೆ ಕ್ಯಾಮೆರಾ ಓಡಿಸುವ ಯಂತ್ರವನ್ನು ಜಾನ್ ನೋಲ್ ತಾನೇ ಕೂತು ಕಟ್ಟಿದ. ಯಾರು ಈ ಜಾನ್ ನೋಲ್ ಅಂದರೆ, ಅಣ್ಣನ ಜೊತೆ ಸೇರಿ ಫೋಟೋಶಾಪ್ ಹುಟ್ಟಿಸಿದವನು. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಲ್ಲ ಮನುಷ್ಯ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾನೆ. ಇದು ಹೇಳುವಾಗ ಅಳಿಯನ ಮುಖ ನೋಡಬೇಕಿತ್ತು, ತಮ್ಮ ಊರಿನವನು ಎಂಎಲ್‌ಎ ಆದ ಹಾಗೆ.

ಆಮೇಲೆ ಫೋನಿನಲ್ಲಿ ಅವನೇ ತೆಗೆದ ಫೋಟೋಗಳನ್ನು ತೋರಿಸಿದ. ಹಿಂದೆ ಅಜ್ಜನ ಕರಿ ಕಂಬಳಿ. ಎಷ್ಟು ಬೆಳಕು ಬಿದ್ದರೂ ಕಂಬಳಿ ನುಂಗಿಬಿಡುತ್ತದೆ, ಹೊಳೆಯುವುದಿಲ್ಲ. ಆಕಾಶಕ್ಕೆ ಸೂರ್ಯ ಒಬ್ಬನೇ ಆದ್ದರಿಂದ ಒಂದೇ ಕಡೆಯಿಂದ ಗಟ್ಟಿ ಬೆಳಕು, ಅದಕ್ಕೆ ತೋಟಕ್ಕೆ ಹೋಗುವ ತಲೆ ಟಾರ್ಚು. ಫೋನನ್ನು ಹಡಗಿನ ಹೊಟ್ಟೆಯ ಕೆಳಗೆ ಇಟ್ಟು ಮೇಲಕ್ಕೆ ನೋಡುವ ಹಾಗೆ ತೆಗೆದಿದ್ದಾನೆ. ಕಿಟಕಿಗಳು ಸಾಸಿವೆ ಕಾಳಿನಷ್ಟು. ಅಕ್ಕಿ ಕಾಳಿನಷ್ಟು ಮಾಡಿದ್ದರೆ ಆಟದ ಸಾಮಾನಾಗುತ್ತಿತ್ತಂತೆ, ಮೊದಲ ಹಡಗನ್ನು ಹಾಗೇ ಮಾಡಿ ಕೆಡಿಸಿಕೊಂಡಿದ್ದಾನೆ. ಎಲ್ಲ ಕಡೆ ಒಂದೇ ಥರ ಸ್ಪಷ್ಟ ಕಾಣಬೇಕು, ಮುಂದಿನದು ಮಾತ್ರ ಕಂಡು ಹಿಂದಿನದು ಮಸುಕಾದರೆ ಕಣ್ಣಿಗೆ ಮೋಸ ಗೊತ್ತಾಗಿಬಿಡುತ್ತದೆ. 1968ರಲ್ಲಿ ತೆರೆಕಂಡ, '2001' ಅನ್ನುವ ಹೆಸರಿನ ಸಿನಿಮಾ ಮಾಡುವಾಗ ಸ್ಟಾನ್ಲಿ ಕುಬ್ರಿಕ್ ಐವತ್ನಾಲ್ಕು ಅಡಿ ಉದ್ದದ ಹಡಗು ಕಟ್ಟಿಸಿದ್ದ, ಬೆಳಕು ಬರುವ ಕಂಡಿಯನ್ನು ಸಣ್ಣ ಮಾಡಿ ಒಂದೊಂದು ಚೌಕಟ್ಟನ್ನೂ ನಿಧಾನಕ್ಕೆ ತೆಗೆಯುತ್ತಿದ್ದರು. ಆ ಫೋಟೋದಲ್ಲಿ ಅಳಿಯನ ಹಡಗು ನಮ್ಮ ಗಾಂಧಿ ಬಜಾರಿನಷ್ಟು ಉದ್ದ ಕಾಣುತ್ತಿತ್ತು. ತಲೆ ಎತ್ತಿ ನೋಡಿದರೆ ಹಲಸಿನ ಮಣೆ ಮೇಲೆ ಎರಡೂವರೆ ಅಡಿ. ನಾನು ನಾಲ್ಕೈದು ಸಲ ಫೋನು, ಮಣೆ, ಫೋನು, ಮಣೆ ಅಂತ ನೋಡಿದೆ.

ವಾಪಸ್ ಬರುವಾಗ ದಾರಿ ತುಂಬಾ ಅಜ್ಜನದೇ ಮಾತು. ಮತ್ತೆ ಈ ಕರೆ ಎಲ್ಲಿಂದ ಬಂತು?

ಮೊದಲು ನನಗೆ ಅದು ಮುದುಕರ ಮುಗ್ಧ ಮಾತು ಅನ್ನಿಸಿತ್ತು. ರಿಪ್ಪನ್‌ಪೇಟೆ ದಾಟುವ ಹೊತ್ತಿಗೆ ಹಾಗನ್ನಿಸಲಿಲ್ಲ. ನ್ಯಾಯವಾದ ಪ್ರಶ್ನೆ ಅಲ್ವಾ? ಮಳೆ ಇಲ್ಲ, ಗಾಳಿ ಇಲ್ಲ, ಮೇಲೆ ಕೆಳಗೆ ಅನ್ನುವುದೇ ಇಲ್ಲ. ಕರೆ ಕೆಳಕ್ಕೇ ಇಳಿಯಬೇಕು ಅಂತ ಯಾರು ಹೇಳಿದರು? ಸ್ಟಾರ್ ವಾರ್ಸ್‌ನವರು ಬೇಕು ಅಂತಲೇ ಹಡಗುಗಳನ್ನು ಹಳತು ಮಾಡಿದರು. ಅದಕ್ಕೂ ಮುಂಚಿನ ಎಷ್ಟೋ ಸಿನಿಮಾಗಳಲ್ಲಿ ರಾಕೆಟ್ ಅಂದರೆ ಈಗಷ್ಟೇ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆ ಥರ ಇರುತ್ತಿತ್ತು. ಕುಬ್ರಿಕ್‌ನ ಆ ಹಡಗೂ ಬಿಳಿ, ಸ್ವಚ್ಛ. ಸ್ಟಾರ್ ವಾರ್ಸ್‌ನವರು ಮಸಿ ಬಳಿದರು, ಬಣ್ಣ ಕೆರೆದರು, ಎಣ್ಣೆ ಸೋರಿದ ಹಾಗೆ ಮಾಡಿದರು. ಆ ಕೊಳೆಯೆಲ್ಲ ಅವರು ಬೀದಿಯಲ್ಲಿ ನೋಡಿದ ಲಾರಿಗಳದ್ದು, ಹಡಗುಗಳದ್ದು, ಭೂಮಿಯ ಮೇಲಿನ ಕೊಳೆ. ನೋಡಿದವರು ನಂಬಿದರು. ಅಜ್ಜನೂ ನಂಬಿದರು. ನಂಬಿದ್ದರಿಂದಲೇ ಕೇಳಿದರು, ಆಟದ ಸಾಮಾನು ಅನ್ನಿಸಿದ್ದರೆ ಅವರು ಕೇಳುತ್ತಲೇ ಇರಲಿಲ್ಲ.

ಮಲೆನಾಡಿನವರಿಗೆ ಕರೆ ಓದುವುದು ಯಾರೂ ಕಲಿಸಬೇಕಾಗಿಲ್ಲ. ಗೋಡೆ ಮೇಲೆ ನೀರಿಳಿದ ಗುರುತು ನೋಡಿ ಎಷ್ಟನೇ ಹೆಂಚು ಒಡೆದಿದೆ ಅಂತ ಅಜ್ಜ ಕೂತಲ್ಲೇ ಹೇಳುತ್ತಾರೆ. ಕಂಬದ ಬುಡದ ಕರೆ ನೋಡಿ ಗೆದ್ದಲು ಬಂದಿದೆಯಾ ಬರೀ ಥಂಡಿಯಾ ಅಂತ ಹೇಳುತ್ತಾರೆ. ಅಂಥ ಕಣ್ಣಿಗೆ ಸನ್‌ಬೋರ್ಡಿನ ಹಡಗು ಮಳೆಯಲ್ಲಿ ನಿಂತ ಹಾಗೆ ಕಂಡಿತು ಅಂದರೆ ನಮ್ಮ ಹುಡುಗ ಪಾಸು.

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಮೂರನೇ ಅರ್ಥ ಹೊಳೆಯಿತು. ಅಲ್ಲೇ ಶಟರ್ ಹಿಡಿದುಕೊಂಡು ನಕ್ಕೆ. ಪಕ್ಕದ ಟೈಲರ್ ಏನಾಯ್ತು ಅಂತ ಕೇಳಿದರು.

ಯಾಕೆಂದರೆ ಕರೆಗೆ ಏನು ಹಚ್ಚಿದೆ ಅಂತ ನಾನು ಕೇಳಿದಾಗ ಅಳಿಯ ದನಿ ತಗ್ಗಿಸಿ "ಚೊಗರು" ಅಂದಿದ್ದ. ಹೊರಗಿನವರಿಗೆ ಹೇಳಬೇಕು ಅಂದರೆ, ಸುಲಿದ ಹಸಿ ಅಡಿಕೆಯನ್ನು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಕಂದು ನೀರು ಅದು. ಕುದಿಸಿ ಗಟ್ಟಿ ಮಾಡಿ ಇಟ್ಟರೆ ಮುಂದಿನ ಕೊಯ್ಲಿಗೆ ಅಡಿಕೆಗೆ ಬಣ್ಣ ಕೊಡೋಕೆ ಆಗುತ್ತದೆ, ಮಾರಿದರೆ ದುಡ್ಡೂ ಬರುತ್ತದೆ. ಬಟ್ಟೆಗೆ ತಾಗಿದರೆ ಬಟ್ಟೆ ಹರಿದರೂ ಕರೆ ಹೋಗುವುದಿಲ್ಲ. ಇವನು ಅದನ್ನು ನೀರಲ್ಲಿ ತೆಳ್ಳಗೆ ಮಾಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಟ್ಟು, ಬ್ರಶ್ಶಿನಿಂದ ಸಂದಿಗಳಿಗೆ ಹರಿಸಿದ್ದಾನೆ. ಸೋಪು ಹಾಕದಿದ್ದರೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಲ್ಲುತ್ತಂತೆ. ಸೋಪು ಹಾಕಿದರೆ ಗೆರೆ ಗೆರೆಯಲ್ಲಿ ಓಡಿ ಕೂರುತ್ತದೆ. ಮೇಲಿನದನ್ನು ಬಟ್ಟೆಯಿಂದ ಕೆಳಮುಖವಾಗಿ ಎಳೆದರೆ ಕರೆ ಇಳಿದ ಗುರುತು.

ಅರವತ್ತು ಎಪ್ಪತ್ತು ವರ್ಷ ಚೊಗರಿನಲ್ಲಿ ಕೈ ಅದ್ದಿದ ಮನುಷ್ಯನಿಗೆ ಅದು ಚೊಗರು ಅಂತ ಗೊತ್ತಾಗಲಿಲ್ಲ ಅಂದರೆ ನಂಬಬಹುದಾ? ಬೆರಳಿಂದ ಮುಟ್ಟಿ ಬೇರೆ ನೋಡಿದರಲ್ಲ. ಹಾಗಾದರೆ "ಮತ್ತೆ ಈ ಕರೆ ಎಲ್ಲಿಂದ ಬಂತು" ಅಂದರೆ, ನನ್ನ ಡ್ರಮ್ಮಿಗೆ ಕೈ ಹಾಕಿದವನು ಯಾರು ಅಂತಲೋ? ಹುಡುಗ ಬಾಯಿ ಮುಚ್ಚಿದ್ದೂ ಅದಕ್ಕೇ ಇರಬಹುದು. ನಾನು ಸುಮ್ನೆ ಅದರೊಳಗೆ ಬ್ರಹ್ಮಾಂಡ ಎಲ್ಲ ಹುಡುಕುತ್ತಿದ್ದೆ.

ಆದರೂ ಪೂರ್ತಿ ಹಾಗಲ್ಲ. ಅಜ್ಜನಿಗೆ ಈ ಕೆಲಸ ಏನು ಅಂತ ಗೊತ್ತಿದೆ. ಅವರು ಎಳೆಯ ವಯಸ್ಸಿನಲ್ಲಿ ಶಿವಮೊಗ್ಗದ ಟಾಕೀಸಿಗೆ ಬಂದು ಮಾಯಾಬಜಾರ್ ನೋಡಿದವರು. 1957ರ ಸಿನಿಮಾ. ಅದರ ದ್ವಾರಕೆಯನ್ನು ಐವತ್ತು ಅರವತ್ತು ಅಡಿ ಜಾಗದಲ್ಲಿ ಸುಮಾರು ಮುನ್ನೂರು ಪುಟಾಣಿ ಮನೆಗಳನ್ನು ಇಟ್ಟು ಮಾಡಿದ್ದರು, ಕ್ಯಾಮೆರಾ ಮಾರ್ಕಸ್ ಬಾರ್ಟ್ಲೆ. ಅಳಿಯ ಇದನ್ನು ಊಟದ ಹೊತ್ತಿನಲ್ಲೇ ಹೇಳಿದ್ದ. ಅಜ್ಜ ಪತ್ರೊಡೆ ಮುರಿಯುತ್ತಾ "ಆ ಊರಲ್ಲಿ ಒಂದೂ ಹೆಂಚು ಕಪ್ಪಾಗಿರ್ಲಿಲ್ಲ. ಕೃಷ್ಣನ ಊರು ಅಂತ ಸುಮ್ನಿದ್ದೆ" ಅಂದಿದ್ದರು. ಅಷ್ಟು ವರ್ಷದ ಹಿಂದಿನ ಸಿನಿಮಾದ ಹೆಂಚು ನೆನಪಿಟ್ಟುಕೊಂಡವರು.

ಈ ವಾರ ಅಂಗಡಿಯಲ್ಲಿ ಪ್ರಾಜೆಕ್ಟ್ ಸೀಸನ್. ದಿನಕ್ಕೆ ಹತ್ತು ಜನ ಅಪ್ಪ ಅಮ್ಮಂದಿರು ಬಂದು "ಸೌರಮಂಡಲ ರೆಡಿಮೇಡ್ ಇದೆಯಾ?" ಅಂತ ಕೇಳುತ್ತಾರೆ. ಇದೆ. ನಾನೇ ಮಾರುತ್ತೇನೆ. ಥರ್ಮಕೋಲ್ ಗುಂಡು, ತಂತಿ, ಕಪ್ಪು ಹಲಗೆ. ಭೂಮಿ ನೀಲಿ, ಮಂಗಳ ಕೆಂಪು, ಶನಿಗೆ ಉಂಗುರ. ಒಂದು ಚೂರೂ ಕೊಳೆ ಇಲ್ಲ. ಮಂಗಳವಾರ ಒಬ್ಬ ಹುಡುಗ, ಆರೋ ಏಳೋ ಕ್ಲಾಸು, ಅಮ್ಮ ದುಡ್ಡು ಕೊಡುವಾಗ ಮೆಲ್ಲಗೆ "ಅಂಕಲ್, ಚಂದ್ರನ ಗುಂಡಿ ನಾನು ಮಾಡ್ಲಾ?" ಅಂದ. ಅಮ್ಮ "ಹಾಳು ಮಾಡ್ತೀಯಾ, ಸುಮ್ನಿರು" ಅಂದರು. ನಾನು ಒಂದು ಥರ್ಮಕೋಲ್ ಗುಂಡು ಸುಮ್ಮನೆ ಅವನ ಕೈಗೆ ಕೊಟ್ಟೆ. ಫೆವಿಕ್ವಿಕ್ ಹನಿ ಹಾಕಿದರೆ ತಾನೇ ಕರಗಿ ಗುಂಡಿ ಬೀಳುತ್ತೆ, ಆದ್ರೆ ದೊಡ್ಡವರು ಪಕ್ಕದಲ್ಲಿರಬೇಕು, ಮೂಗು ಹತ್ತಿರ ತರಬೇಡ ಅಂತಲೂ ಹೇಳಿದೆ. ಅಮ್ಮ ನನ್ನನ್ನು ನೋಡಿದ ನೋಟಕ್ಕೆ ಇನ್ನು ಮುಂದೆ ಬೇರೆ ಅಂಗಡಿಗೆ ಹೋಗುತ್ತಾರೆ ಅನ್ನಿಸುತ್ತದೆ.

ನಾನೂ ಒಂದು ಮಾಡಿದ್ದೆ, ಏಳನೇ ಕ್ಲಾಸಿನಲ್ಲಿ. ಲಿಂಗನಮಕ್ಕಿ ಡ್ಯಾಮು. ಅಪ್ಪ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದರು. ಡ್ಯಾಮು ಕಟ್ಟಿ ಮುಗಿಸಿದ್ದು 1964ರಲ್ಲಿ, ನಾನು ನೋಡುವ ಹೊತ್ತಿಗೆ ಗೋಡೆ ತುಂಬಾ ಕಪ್ಪು ಪಟ್ಟೆ, ಅಲ್ಲಲ್ಲಿ ಹಸಿರು. ನನಗೆ ನೀರಿಗಿಂತ ಆ ಪಟ್ಟೆಗಳೇ ಜಾಸ್ತಿ ಇಷ್ಟವಾಗಿದ್ದವು. ಜೇಡಿಮಣ್ಣಿನ ಡ್ಯಾಮು ಮಾಡಿ, ಒಲೆಯ ಮಸಿಯಲ್ಲಿ ಒಂದೊಂದೇ ಪಟ್ಟೆ ಇಳಿಸಿದೆ. ಶಾಲೆಯಲ್ಲಿ ಮೇಷ್ಟರು ಒಬ್ಬರು ನೋಡಿ "ಎಷ್ಟು ಕೊಳಕಾಗಿದೆ, ಇನ್‌ಸ್ಪೆಕ್ಟರ್ ಬರ್ತಾರೆ, ಸುಣ್ಣ ಹೊಡಿ" ಅಂದರು. ಹೊಡೆದೆ. ಬಹುಮಾನ ಬಂತು. ಸ್ಟೀಲ್ ಲೋಟ. ಆ ಲೋಟ ಈಗಲೂ ಮನೆಯಲ್ಲಿದೆ, ಕಾಫಿ ಕುಡಿಯುತ್ತೇನೆ. ಡ್ಯಾಮು ಸುಣ್ಣ ಹೊಡೆದ ದಿನವೇ ನನಗೆ ಬೇಡವಾಗಿತ್ತು. ಆಮೇಲೆ ಕೈಯಿಂದ ಏನೂ ಮಾಡಲಿಲ್ಲ. ಮಾಡುವ ಸಾಮಾನು ಮಾರುವ ಅಂಗಡಿ ಇಟ್ಟುಕೊಂಡೆ. ಮೇಷ್ಟರ ಮೇಲೆ ಸಿಟ್ಟಿಲ್ಲ, ಅವರಿಗೆ ಇನ್‌ಸ್ಪೆಕ್ಟರ್ ಭಯ. ಆದರೆ ಭಾನುವಾರ ಅಜ್ಜ ಆ ಕರೆಯನ್ನು ಬೆರಳಿಂದ ಮುಟ್ಟಿದ್ದು ನೋಡಿದಾಗ ಎದೆಯಲ್ಲಿ ಏನೋ ಚುಳುಕ್ ಅಂದಿದ್ದು ನಿಜ. ನನ್ನ ಡ್ಯಾಮನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ನಿನ್ನೆ ರಾತ್ರಿ ಅಳಿಯ ಫೋನ್ ಮಾಡಿದ. ಹುಷಾರಿಲ್ಲ ಅಂತ ಕಾಲೇಜಿಗೆ ರಜೆ ಹಾಕಿ ಊರಲ್ಲೇ ಉಳಿದಿದ್ದಾನೆ. ಯಾವ ಹುಷಾರಿಲ್ಲ ಅಂತ ನಾನು ಕೇಳಲಿಲ್ಲ.

"ಮಾವ, ಅಜ್ಜನ ಪ್ರಶ್ನೆಗೆ ಉತ್ತರ ಸಿಕ್ತು."

"ಚೊಗರು ಕದ್ದಿದ್ದು ಒಪ್ಕೊಂಡ್ಯಾ?"

"ಅದು ಅವತ್ತೇ ಒಪ್ಕೊಂಡೆ. ಒಂದು ಚೊಂಬಿಗೆ ಅರ್ಧ ದಿನ ತೋಟದ ಕೆಲಸ ಅಂತ ಲೆಕ್ಕ ಹಾಕಿದಾರೆ. ಇದು ಬೇರೆ."

ನಿಜವಾದ ಸ್ಪೇಸ್ ಶಟಲ್ ಮೈಮೇಲೂ ಕರೆ ಇರುತ್ತಿತ್ತಂತೆ, ಭೂಮಿಯ ಗಾಳಿಯೊಳಗೆ ವಾಪಸ್ ನುಗ್ಗುವಾಗ ಸುಟ್ಟು ಆದದ್ದು. ಆದರೆ ಅದು ಮೂತಿಯಿಂದ ಹಿಂದಕ್ಕೆ ಹೋಗುತ್ತದೆ, ಕೆಳಕ್ಕೆ ಇಳಿಯುವುದಿಲ್ಲ. ಕರೆಯನ್ನೆಲ್ಲ ಅಳಿಸಿ ಹಿಂದಕ್ಕೆ ಎಳೆಯಬೇಕು ಅಂತ ಕೂತನಂತೆ. ಅರ್ಧ ಗಂಟೆ ನೋಡಿ ಮನಸ್ಸು ಬರಲಿಲ್ಲವಂತೆ. ಅಜ್ಜ ಮಳೆ ಅಂದಮೇಲೆ ಮಳೆಯೇ ಇರಲಿ ಅಂತ, ಹಡಗಿನ ಕಥೆಯನ್ನೇ ಬದಲಾಯಿಸಿದ್ದಾನೆ. ಎಂಜಿನ್ ಕೆಟ್ಟು ಆಗುಂಬೆಯ ಕಾಡಿನಲ್ಲಿ ಇಳಿದಿದೆ. ಸ್ಪೇರ್ ಪಾರ್ಟ್ ಬಂದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ, ಅಲ್ಲೇ ನಾಲ್ಕು ಮಳೆಗಾಲ ಕಳೆದಿದೆ.

ಫೋಟೋ ಕಳಿಸಿದ. ಹಿಂದೆ ಕಂಬಳಿ ಇಲ್ಲ, ಹಿತ್ತಿಲಿನ ಜರಿಗಿಡಗಳ ಮಧ್ಯೆ ಇಟ್ಟು ತೆಗೆದಿದ್ದಾನೆ. ಕಾಂಪೌಂಡ್ ಗೋಡೆಯ ಪಾಚಿಯನ್ನು ಕಿತ್ತು, ಬಚ್ಚಲ ಒಲೆಯ ಮೇಲೆ ಒಣಗಿಸಿ ಪುಡಿ ಮಾಡಿ, ಫೆವಿಕಾಲಿನಲ್ಲಿ ಅಂಟಿಸಿದ್ದಾನೆ. ಸಂದಿಗಳಲ್ಲಿ ಹಸಿರು. ಮಿಕ್ಸಿ ಚಕ್ರದ ಎಂಜಿನ್ನಿನ ಒಳಗೂ ಹಸಿರು. ಅರಸಾಳು ಸ್ಟೇಷನ್ ನೆನಪಾಯಿತು.

"ಅಜ್ಜನಿಗೆ ತೋರಿಸ್ದ್ಯಾ?"

"ತೋರಿಸ್ದೆ. ಪೂರ್ತಿ ಕಥೆ ಹೇಳ್ದೆ. ಸುಮಾರು ಹೊತ್ತು ನೋಡಿದ್ರು."

"ಏನಂದ್ರು?"

"'ನಾಲ್ಕು ಮಳೆಗಾಲಕ್ಕೆ ಇಷ್ಟೇ ಪಾಚಿನಾ?' ಅಂದ್ರು ಮಾವ."